121 ಸೋಲಿನ ತಂಡವನ್ನ ಸೀಸನ್ ಪೂರ್ತಿ ಏನಂತ ನೋಡೋದು? (ಚಿಕಾಗೋ ವೈಟ್ ಸಾಕ್ಸ್, ಬೇಸ್‌ಬಾಲ್)

ಬೆಳಗಿನ_ಐದು_ಹತ್ತು
2021ರಲ್ಲಿ 93 ಪಂದ್ಯ ಗೆದ್ದು ತನ್ನ ಡಿವಿಷನ್ (ಲೀಗ್‌ನೊಳಗಿನ ಗುಂಪು) ಹೊಡೆದ ತಂಡ ಇದು. ಮರುವರ್ಷ ಗೆಲುವು-ಸೋಲು 81-81, ಅದರ ಮರುವರ್ಷ 61-101, 2024ರಲ್ಲಿ 41-121. 1901ರಿಂದ ಈಚೆಗೆ ಒಂದೇ ಸೀಸನ್‌ನಲ್ಲಿ ಇಷ್ಟು ಸೋತವರು ಬೇರೆ ಯಾರೂ ಇಲ್ಲ. 2025ರಲ್ಲಿ 60-102. ಮೂರು ವರ್ಷ ಸತತವಾಗಿ ನೂರರ ಮೇಲೆ ಸೋಲು.

ಮೇ ತಿಂಗಳಿಗೇ ಕಥೆ ಮುಗಿದಿರೋ ತಂಡವನ್ನ ಸೆಪ್ಟೆಂಬರ್ ತನಕ ನೋಡೋರು ನಿಜವಾಗಿ ಏನನ್ನ ನೋಡ್ತಾರೆ? ಪಾಯಿಂಟ್ಸ್ ಟೇಬಲ್ ತೆರೆದ್ರೆ ಏನೂ ತಿಳಿಯಲ್ಲ, ದಿನಾ ಕೆಳಗೇ ಇರ್ತಾರೆ. ಯಾವ ಅಂಕಿ ನೋಡಬೇಕು, ಯಾವುದನ್ನ ನಂಬಬಾರದು, 121 ಸೋತರೂ ಡ್ರಾಫ್ಟ್‌ನಲ್ಲಿ (ಹೊಸ ಹುಡುಗರನ್ನ ತಂಡಗಳು ಸರದಿಯಂತೆ ಆರಿಸೋದು) ಮೊದಲ ಪಿಕ್ ಯಾಕೆ ಸಿಗಲಿಲ್ಲ, ಇದನ್ನೆಲ್ಲ ಗೊತ್ತಿರೋರು ಬಿಡಿಸಿ ಹೇಳಿ. ಬೆಂಗಳೂರಿನಿಂದ ನೋಡೋಕೆ ಸುಲಭದ ದಾರಿ ಇದ್ರೆ ಅದನ್ನೂ.

ರೆಡ್_ಬ್ಲಡ್_ಜಯನಗರ
ಈ ಸಲ ಕಪ್ ನಮ್ದೇ ಅಂತ 18 ಸೀಸನ್ ಕಾದವರಿಗೆ ಇದೆಲ್ಲ ಯಾವ ಲೆಕ್ಕ ಗುರು 😄

ಪೆನ್ಸಿಲ್_ರಬ್ಬರ್
ಲೆಕ್ಕ ಬೇರೆ ಸ್ವಾಮಿ. ಐಪಿಎಲ್‌ನಲ್ಲಿ ಲೀಗ್ ಪಂದ್ಯ 14, ಇಲ್ಲಿ 162. ಬೇಸ್‌ಬಾಲ್‌ನಲ್ಲಿ ಒಂದು ಹಳೇ ಮಾತಿದೆ: ಎಂಥಾ ತಂಡವೂ 54 ಗೆಲ್ಲುತ್ತೆ, ಎಂಥಾ ತಂಡವೂ 54 ಸೋಲುತ್ತೆ, ಉಳಿದ 54ರಲ್ಲಿ ಏನು ಮಾಡ್ತೀರಿ ಅನ್ನೋದೇ ಸೀಸನ್. 2024ರ ಸಾಕ್ಸ್‌ಗೆ ಆ ಪುಕ್ಕಟೆ 54 ಕೂಡ ದಕ್ಕಲಿಲ್ಲ. ಅದಕ್ಕೇ ಈ ಸೀಸನ್ ಬೇರೆ ಜಾತಿದು.

ಮೊದಲು ನೋಡಬೇಕಾದ್ದು ಗೆಲುವು-ಸೋಲು ಅಲ್ಲ, ರನ್ ವ್ಯತ್ಯಾಸ. 2024ರಲ್ಲಿ ಹೊಡೆದದ್ದು 507, ಕೊಟ್ಟದ್ದು 813. ಅಂದ್ರೆ ಮೈನಸ್ 306. ಪಂದ್ಯಕ್ಕೆ 3.13 ಹೊಡೆದು 5.02 ಕೊಟ್ಟಿದಾರೆ. ಇದರಿಂದ ಎಷ್ಟು ಗೆಲ್ಲಬೇಕಿತ್ತು ಅಂತ ತೆಗೆಯೋದು ಹೀಗೆ: ಹೊಡೆದ ರನ್ನಿನ ವರ್ಗವನ್ನ, ಎರಡೂ ವರ್ಗಗಳ ಮೊತ್ತದಿಂದ ಭಾಗಿಸಿ, 162ರಿಂದ ಗುಣಿಸಿ. 507ರ ವರ್ಗ 2,57,049. 813ರ ವರ್ಗ 6,60,969. ಭಾಗಿಸಿದ್ರೆ 0.28, ಅಂದ್ರೆ ಸುಮಾರು 45 ಗೆಲುವು. ಬಂದದ್ದು 41.

ಧಾರವಾಡ_ಪೇಡೆ
ವರ್ಗ ಹಳೇ ಲೆಕ್ಕರೀ. ಈಗ 2ರ ಬದಲಿ 1.83 ಘಾತ ಹಾಕ್ತಾರ. ಹಂಗ ಮಾಡಿದ್ರ 48 ಬರ್ತೈತಿ. ಅಂದ್ರ ತಂಡ ತನ್ನ ಯೋಗ್ಯತೆಗಿಂತ 7 ಪಂದ್ಯ ಕಡಿಮಿ ಗೆದ್ದೈತಿ. 48-114 ಆಗಿದ್ರ ದಾಖಲೆನೂ ಇರ್ತಿರಲಿಲ್ಲ, ಈ ಚರ್ಚೆನೂ ಇರ್ತಿರಲಿಲ್ಲ.

ಪೆನ್ಸಿಲ್_ರಬ್ಬರ್
ಒಪ್ಪಿದೆ, 1.83 ಇನ್ನೂ ಸರಿ. ಆ 7 ಪಂದ್ಯ ಎಲ್ಲಿ ಹೋಯ್ತು ಅಂದ್ರೆ ಮುಖ್ಯವಾಗಿ ಬುಲ್‌ಪೆನ್, ಅಂದ್ರೆ ಶುರು ಮಾಡಿದ ಪಿಚರ್ (ಚೆಂಡೆಸೆಯೋನು) ಹೋದ ಮೇಲೆ ಬರೋ ಪಿಚರ್‌ಗಳು. 7ನೇ ಇನ್ನಿಂಗ್‌ವರೆಗೆ ಮುಂದಿದ್ದು ಕೊನೆಗೆ ಕೈಬಿಟ್ಟವು. ಒಂದು ರನ್ನಿನಿಂದ ಸೋತರೂ ಹತ್ತು ರನ್ನಿನಿಂದ ಸೋತರೂ ಟೇಬಲ್‌ನಲ್ಲಿ ಒಂದೇ ಸೋಲು, ರನ್ ವ್ಯತ್ಯಾಸದಲ್ಲಿ ಮಾತ್ರ ಬೇರೆ. ಬುಲ್‌ಪೆನ್ ವರ್ಷದಿಂದ ವರ್ಷಕ್ಕೆ ತೀರಾ ಏರುಪೇರಾಗೋ ವಿಭಾಗ. ಹಾಗಾಗಿ ಈ ಬಗೆ ಸೋಲು ಮರುವರ್ಷ ತಾನಾಗೇ ಸ್ವಲ್ಪ ಸರಿಹೋಗುತ್ತೆ. ಬ್ಯಾಟಿಂಗ್ ಹಾಗಲ್ಲ. ಇಡೀ ತಂಡದ ಸರಾಸರಿ .221, ಬೇಸ್ ಮುಟ್ಟಿದ ಪ್ರಮಾಣ .278, ಸ್ಲಗ್ಗಿಂಗ್ (ಹೊಡೆತದಿಂದ ಸಿಕ್ಕ ಬೇಸ್‌ಗಳ ಲೆಕ್ಕ) .340. ಇದಕ್ಕೆ ಅದೃಷ್ಟವನ್ನ ದೂರೋಕೆ ಆಗಲ್ಲ.

ಲಾಟರಿ_ಶಾಮಣ್ಣ
ಎಲ್ಲ ನಾಟಕ. ಬೇಕಂತಲೇ ಸೋತು ಮೊದಲ ಪಿಕ್ ತಗೊಳ್ಳೋ ಪ್ಲಾನು. ಅಮೆರಿಕದ ಎಲ್ಲ ಲೀಗ್‌ಗಳದ್ದೂ ಇದೇ ಹಣೆಬರಹ.

ದಕ್ಷಿಣ_ಭಾಗ_35
ಶಾಮಣ್ಣೋರೇ, ಹೆಸರಲ್ಲೇ ಲಾಟರಿ ಇಟ್ಕೊಂಡು ಲಾಟರಿ ನಿಯಮ ಓದಿಲ್ವಲ್ಲ.

ಲೀಗ್ ಮತ್ತು ಆಟಗಾರರ ಸಂಘದ 2022ರ ಒಪ್ಪಂದದಿಂದ ಮೊದಲ 6 ಪಿಕ್ ಲಾಟರಿಯಲ್ಲಿ. ಅತಿ ಕೆಟ್ಟ ಮೂರೂ ತಂಡಗಳಿಗೆ ಸಮಾನ ಅವಕಾಶ, ತಲಾ 16.5 ಶೇಕಡಾ. 121 ಸೋತರೂ ಅಷ್ಟೇ, 105 ಸೋತರೂ ಅಷ್ಟೇ. ಅದರ ಮೇಲೆ ಇನ್ನೊಂದು ಕೊಕ್ಕೆ: ಆದಾಯ ಹಂಚಿಕೆ ನಿಧಿಗೆ ದುಡ್ಡು ಕೊಡೋ ದೊಡ್ಡ ಊರಿನ ತಂಡ ಸತತ ಎರಡು ವರ್ಷ ಲಾಟರಿ ಪಿಕ್ ಪಡೆಯೋ ಹಾಗಿಲ್ಲ. ನಿಧಿಯಿಂದ ದುಡ್ಡು ತಗೊಳ್ಳೋ ತಂಡಕ್ಕೆ ಸತತ ಎರಡು ವರ್ಷ ಸರಿ, ಮೂರನೇ ವರ್ಷ ಇಲ್ಲ. ದುಡ್ಡು ಕೊಡೋ ಸಾಲಿನಲ್ಲಿರೋ ಸಾಕ್ಸ್ 2024ರ ಡ್ರಾಫ್ಟ್‌ನಲ್ಲಿ ಲಾಟರಿಯಿಂದ 5ನೇ ಪಿಕ್ ತಗೊಂಡು ಹೇಗನ್ ಸ್ಮಿತ್‌ನನ್ನ ಆರಿಸಿತ್ತು. ಹಾಗಾಗಿ 121 ಸೋಲಿನ ವರ್ಷದ ಬಹುಮಾನ 10ನೇ ಪಿಕ್! ಅದಕ್ಕಿಂತ ಮೇಲೆ ಹೋಗೋಕೆ ನಿಯಮವೇ ಬಿಡಲಿಲ್ಲ. ಅಲ್ಲಿ ಬಿಲ್ಲಿ ಕಾರ್ಲ್‌ಸನ್ ಅನ್ನೋ ಶಾರ್ಟ್‌ಸ್ಟಾಪ್ (ಎರಡನೇ-ಮೂರನೇ ಬೇಸ್ ನಡುವಿನ ಫೀಲ್ಡರ್) ಬಂದ. ಮೊದಲ ಪಿಕ್ ವಾಷಿಂಗ್ಟನ್ ಪಾಲಾಯ್ತು. ಆಮೇಲೆ 102 ಸೋತ ವರ್ಷಕ್ಕೆ ಮಾತ್ರ ಲಾಟರಿ ಒಲಿದು 2026ಕ್ಕೆ 1ನೇ ಪಿಕ್ ಬಂತು.

ಬೇಕಂತ ಸೋತವರು ನಿಯಮಪುಸ್ತಕ ಓದಿ ಸೋತಿರಬೇಕಿತ್ತು.

ಲಾಟರಿ_ಶಾಮಣ್ಣ
ಸರಿ ಬಿಡಿ, ತಪ್ಪು ನಂದೇ. ಹಂಗಾದ್ರೆ 121 ಸೋತದ್ದಕ್ಕೆ ಸಿಕ್ಕಿದ್ದು ಸೊನ್ನೆ?

ವೇವರ್_ವಿಮಲಕ್ಕ
ಸೊನ್ನೆ ಅಲ್ಲ. ಕೆಟ್ಟ ತಂಡಕ್ಕೆ ಲಾಟರಿ ಇಲ್ಲದೆ ನೇರವಾಗಿ ಸಿಗೋದು ಎರಡಿವೆ. ಹೆಚ್ಚಿನವರು ಇವನ್ನ ಗಮನಿಸೋದೇ ಇಲ್ಲ.

ಒಂದು ವೇವರ್ ಸರದಿ. ಯಾವ ತಂಡ ಯಾರನ್ನ ಕೈಬಿಟ್ಟರೂ ಕ್ಲೇಮ್ ಮಾಡೋಕೆ ಕೊನೆಯ ಸ್ಥಾನದವರದ್ದೇ ಮೊದಲ ಪಾಳಿ. ಹೊಸ ಸೀಸನ್ ಶುರುವಿನಲ್ಲಿ ಹಿಂದಿನ ವರ್ಷದ ಸ್ಥಾನವೇ ಲೆಕ್ಕಕ್ಕೆ ಬರುತ್ತೆ, ಹಾಗಾಗಿ ಏಪ್ರಿಲ್‌ನಲ್ಲಿ ವೇವರ್ ಸುದ್ದಿ ನೋಡ್ತಾ ಇರಿ.

ಎರಡನೇದು ಡಿಸೆಂಬರ್‌ನ ರೂಲ್ 5 ಡ್ರಾಫ್ಟ್. ಇದು ಬೇರೆ ತಂಡಗಳು ತಮ್ಮ 40 ಜನರ ಪಟ್ಟಿಗೆ ಸೇರಿಸದೆ ಬಿಟ್ಟ ಮೈನರ್ ಲೀಗ್ ಆಟಗಾರರನ್ನ ಎತ್ತಿಕೊಳ್ಳೋದು. ಬೆಲೆ 1 ಲಕ್ಷ ಡಾಲರ್. ಷರತ್ತು ಏನಂದ್ರೆ ಮುಂದಿನ ಸೀಸನ್ ಪೂರ್ತಿ ಆತನನ್ನ 26 ಜನರ ಮುಖ್ಯ ತಂಡದಲ್ಲೇ ಇಟ್ಕೋಬೇಕು. ಕೆಳಗೆ ಕಳಿಸೋದಾದ್ರೆ ಮೊದಲು ವೇವರ್, ಆಮೇಲೆ 50 ಸಾವಿರ ಡಾಲರ್‌ಗೆ ಹಳೇ ತಂಡಕ್ಕೆ ವಾಪಸ್ ಕೊಡ್ತೀವಿ ಅನ್ನಬೇಕು. ಕಪ್‌ಗೆ ಹೋರಾಡೋ ತಂಡಕ್ಕೆ ಇದು ಕಷ್ಟ. ಕಲಿಯೋ ಹುಡುಗನಿಗೆ ಒಂದು ಜಾಗ ಮೀಸಲಿಟ್ರೆ ಉಳಿದವರು 25 ಜನದಲ್ಲಿ ಆಡಬೇಕು. ಸೋಲೋ ತಂಡಕ್ಕೆ ಆ ಜಾಗದಿಂದ ಕಳೆದುಕೊಳ್ಳೋದೇ ಏನಿಲ್ಲ. ಸಾಕ್ಸ್ 2024ರ ಡಿಸೆಂಬರ್‌ನಲ್ಲಿ ರೂಲ್ 5ರ ಮೊದಲ ಪಿಕ್‌ನಲ್ಲಿ ಮಿಲ್ವಾಕಿಯಿಂದ ಶೇನ್ ಸ್ಮಿತ್‌ನನ್ನ ಎತ್ತಿತು. ಆತ 2025ರಲ್ಲಿ ಆಲ್‌ಸ್ಟಾರ್! 1 ಲಕ್ಷ ಡಾಲರ್‌ಗೆ.

ದಕ್ಷಿಣ_ಭಾಗ_35
ಇದನ್ನ ಎರಡು ಸಲ ಓದಿ ಎಲ್ಲರೂ. ಸ್ಮಿತ್ ಅನ್ನೋ ಹೆಸರು ಇಬ್ಬರದ್ದು, ಗೊಂದಲ ಬೇಡ. ಹೇಗನ್ ಡ್ರಾಫ್ಟ್‌ನಿಂದ, ಶೇನ್ ರೂಲ್ 5ರಿಂದ.

ಕುಡ್ಲ_ಕರ್ವ್‌ಬಾಲ್
ಇಷ್ಟೆಲ್ಲ ಸರಿ ಮಾರಾಯ್ರೆ, ಆದ್ರೆ 2025ರ ಕೊಲರಾಡೋ ರಾಕೀಸ್ ಇದಕ್ಕಿಂತ ಕೆಟ್ಟ ತಂಡ ಅಲ್ವಾ? 43-119 ಇರಬಹುದು, ರನ್ ವ್ಯತ್ಯಾಸ ಮೈನಸ್ 424 ಉಂಟು. 597 ಹೊಡೆದು 1,021 ಕೊಟ್ಟಿದ್ದಾರೆ. ಸಾಕ್ಸ್ ಅದರ ಮುಂದೆ ಮರ್ಯಾದಸ್ಥರು.

ಧಾರವಾಡ_ಪೇಡೆ
ಮೈದಾನ ನೋಡ್ರಿ ಮೊದಲ. ಡೆನ್ವರ್ ಐದು ಸಾವಿರ ಅಡಿ ಮ್ಯಾಲಿನ ಊರು, ಗಾಳಿ ತೆಳು, ಚೆಂಡು ದೂರ ಹಾರ್ತೈತಿ, ಕರ್ವ್‌ಬಾಲ್ ತಿರುಗೂದೂ ಕಡಿಮಿ. ಅಲ್ಲಿ ಎರಡೂ ಕಡೆ ರನ್ ಹೆಚ್ಚು. ಬರೀ ವ್ಯತ್ಯಾಸ ಹೋಲಿಸಿದ್ರ ಮೋಸ ಆಗ್ತೈತಿ. ಅನುಪಾತ ಹೋಲಿಸ್ರಿ.

ರಾಕೀಸ್: 597 ಭಾಗಿಸು 1,021 ಅಂದ್ರ 0.585. ಸಾಕ್ಸ್: 507 ಭಾಗಿಸು 813, 0.624. ಹಂಗ ನೋಡಿದ್ರೂ ರಾಕೀಸ್ ಕೆಟ್ಟ, ಆದ್ರ 118 ರನ್ನಿನ ಅಂತರ ಕಾಣೂವಷ್ಟು ಅಲ್ಲ. 1.83 ಹಾಕಿದ್ರ ರಾಕೀಸ್‌ಗ 44 ಗೆಲುವು ಬರಬೇಕಿತ್ತು, ಬಂದದ್ದು 43. ಅವರು ತಮ್ಮ ಯೋಗ್ಯತೆ ಪ್ರಕಾರನ ಸೋತ್ರು. ಸಾಕ್ಸ್ ಯೋಗ್ಯತೆ ಮೀರಿ ಸೋತ್ರು.

ಕುಡ್ಲ_ಕರ್ವ್‌ಬಾಲ್
"ಯೋಗ್ಯತೆ ಮೀರಿ ಸೋತ್ರು" 😂 ಇದನ್ನ ಟೀಶರ್ಟ್ ಮೇಲೆ ಹಾಕಿಸ್ಬೇಕು.

ಹಳೇ_ದಾಖಲೆ
ಕೆಟ್ಟವರ ಪಟ್ಟಿ ಶುರುವಾಯ್ತಲ್ಲ, ಸೇರಿಸ್ತೀನಿ. ಸೋಲಿನ ಸಂಖ್ಯೆಯಲ್ಲಿ ಸಾಕ್ಸ್ ಮೇಲೆ, ಶೇಕಡಾವಾರಿನಲ್ಲಿ ಅಲ್ಲ. 1962ರ ನ್ಯೂಯಾರ್ಕ್ ಮೆಟ್ಸ್ 40-120, ಅಂದ್ರೆ .250. ಸಾಕ್ಸ್ .253. 1916ರ ಫಿಲಡೆಲ್ಫಿಯಾ ಅಥ್ಲೆಟಿಕ್ಸ್ 36-117, ಅಂದ್ರೆ .235. ಅದೂ ಆಧುನಿಕ ಕಾಲದ್ದೇ. ಆದ್ದರಿಂದ "ಇತಿಹಾಸದ ಅತಿ ಕೆಟ್ಟ ತಂಡ" ಅಂತ ಬರೆಯೋ ಪತ್ರಕರ್ತರು "ಅತಿ ಹೆಚ್ಚು ಸೋತ ತಂಡ" ಅಂತ ಬರೀಬೇಕು.

1899ರ ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ 20-134. ಅದರ ಕಥೆಯೇ ಬೇರೆ. ಮಾಲೀಕರ ಕೈಯಲ್ಲಿ ಎರಡು ತಂಡ, ಕ್ಲೀವ್‌ಲ್ಯಾಂಡ್ ಮತ್ತು ಸೇಂಟ್ ಲೂಯಿಸ್. ಸೈ ಯಂಗ್ ಸಮೇತ ಒಳ್ಳೆಯವರನ್ನೆಲ್ಲ ಸೇಂಟ್ ಲೂಯಿಸ್‌ಗೆ ಸಾಗಿಸಿ, ಇಲ್ಲಿ ಉಳಿಕೆ ಪಳಿಕೆ ಬಿಟ್ರು. ತವರಿನಲ್ಲಿ ನೋಡೋರೇ ಇಲ್ಲ ಅಂತ ಪಂದ್ಯಗಳನ್ನೂ ಹೊರಗೇ ಆಡಿಸಿದ್ರು, ಹೊರಗೆ 11-101. ಮರುವರ್ಷ ತಂಡವೇ ಇರಲಿಲ್ಲ.

ರೆಡ್_ಬ್ಲಡ್_ಜಯನಗರ
ಆರ್‌ಸಿಬಿ 2017ರಲ್ಲಿ ಈಡನ್‌ನಲ್ಲಿ 49ಕ್ಕೆ ಆಲ್‌ಔಟ್ ಆದಾಗ…

ವೇವರ್_ವಿಮಲಕ್ಕ
ಬೇಡಪ್ಪ, ದಯವಿಟ್ಟು. ಆ ಗಾಯಕ್ಕೆ ಬೇರೆ ಕಡೆ ಜಾಗ ಇದೆ.

ಬೆಳಗಿನ_ಐದು_ಹತ್ತು
21 ಪಂದ್ಯ ಸತತ ಸೋತದ್ದು ಇದೆಯಲ್ಲ, ಜುಲೈ 10ರಿಂದ ಆಗಸ್ಟ್ 5. ಅಷ್ಟು ಉದ್ದದ ಸರಣಿ ಕೆಟ್ಟ ತಂಡಕ್ಕೆ ಸಹಜವಾ, ಇಲ್ಲ ಒಳಗೇ ಏನೋ ಮುರಿದಿತ್ತಾ?

ಪೆನ್ಸಿಲ್_ರಬ್ಬರ್
ಲೆಕ್ಕ ಹಾಕೋಣ. ಪ್ರತಿ ಪಂದ್ಯ ಸೋಲೋ ಸಾಧ್ಯತೆ 0.747 (121 ಭಾಗಿಸು 162). ನಿರ್ದಿಷ್ಟ 21 ಪಂದ್ಯ ಎಲ್ಲವನ್ನೂ ಸೋಲೋದು 0.747ರ 21ನೇ ಘಾತ, ಸುಮಾರು 0.0022. ಆದ್ರೆ ಸರಣಿ ಸೀಸನ್‌ನ ಯಾವ ಜಾಗದಲ್ಲಾದ್ರೂ ಶುರುವಾಗಬಹುದು, ಹಾಗಾಗಿ ಗೆದ್ದ ಪಂದ್ಯದ ಮರುದಿನದಿಂದ ಶುರುವಾಗೋ ಎಲ್ಲ ಅವಕಾಶ ಕೂಡಿಸಿದ್ರೆ ಸುಮಾರು 8 ಶೇಕಡಾ ಬರುತ್ತೆ. ಹನ್ನೆರಡು ಹದಿಮೂರು ಇಂಥಾ ಸೀಸನ್‌ಗೆ ಒಂದು ಸಲ. ಅಪರೂಪ ನಿಜ, ಪವಾಡ ಅಲ್ಲ.

ಈ ಲೆಕ್ಕದ ತಪ್ಪೂ ಹೇಳ್ತೀನಿ. ಇದು ಎಲ್ಲ ದಿನ ಒಂದೇ ತಂಡ ಅಂತ ಎಣಿಸುತ್ತೆ. ಜುಲೈ ಕೊನೆಗೆ ಟ್ರೇಡ್ (ತಂಡಗಳ ನಡುವೆ ಆಟಗಾರರ ಅದಲುಬದಲು) ಗಡುವು ಬಂತು, ಎರಿಕ್ ಫೆಡ್ಡಿ, ಟಾಮಿ ಫ್ಯಾಮ್, ಮೈಕಲ್ ಕೋಪೆಕ್ ಮೂವರೂ ಹೋದ್ರು. ಪಿಚರ್ ಫೆಡ್ಡಿಯದ್ದು ಆಗ 3.11 ಇಆರ್‌ಎ (ಒಂಬತ್ತು ಇನ್ನಿಂಗ್‌ಗೆ ಕೊಟ್ಟ ರನ್, ಕಡಿಮೆ ಇದ್ದಷ್ಟೂ ಒಳ್ಳೇದು). ಸರಣಿಯ ಕೊನೇ ವಾರ ಆಡಿದ್ದು ಮೊದಲಿಗಿಂತ ಬಡ ತಂಡ.

ದಕ್ಷಿಣ_ಭಾಗ_35
ಆಗಸ್ಟ್ 6ಕ್ಕೆ ಓಕ್ಲೆಂಡ್‌ನಲ್ಲಿ 5-1 ಗೆದ್ದು ಸರಣಿ ಮುರೀತು. ಎರಡು ದಿನಕ್ಕೆ ಮ್ಯಾನೇಜರ್ ಪೆಡ್ರೋ ಗ್ರಿಫೋಲ್ ಔಟ್. ಸೋಲ್ತಿದ್ದಾಗ ಇಟ್ಕೊಂಡು ಗೆದ್ದ ಮೇಲೆ ತೆಗೆದ್ರು, ಇದು ಸಾಕ್ಸ್ ಶೈಲಿ. ಆಗ 28-89. ಆಮೇಲೆ ಗ್ರೇಡಿ ಸೈಜ್‌ಮೋರ್ ಕೈಲಿ 13-32. ಎರಡೂ ಹೆಚ್ಚುಕಮ್ಮಿ ಒಂದೇ. ಮ್ಯಾನೇಜರ್ ಬದಲಾದ್ರೆ ಏನಾಗುತ್ತೆ ಅನ್ನೋರಿಗೆ ಅಲ್ಲೇ ಉತ್ತರ ಇದೆ.

ಲಾಟರಿ_ಶಾಮಣ್ಣ
ಅಮೆರಿಕನ್ ಲೀಗ್ ದಾಖಲೆ ಅಲ್ವಾ 21?

ಹಳೇ_ದಾಖಲೆ
ಸಮ ಮಾಡಿದ್ದು, ಮುರಿದದ್ದಲ್ಲ. 1988ರ ಬಾಲ್ಟಿಮೋರ್ ಓರಿಯೋಲ್ಸ್ ಸೀಸನ್ ಶುರುವಿನಿಂದಲೇ 0-21. 1901ರ ಈಚೆ ಎರಡೂ ಲೀಗ್ (ಅಮೆರಿಕನ್, ನ್ಯಾಷನಲ್) ಸೇರಿಸಿದ್ರೆ 1961ರ ಫಿಲಡೆಲ್ಫಿಯಾ ಫಿಲೀಸ್, 23.

ವೇವರ್_ವಿಮಲಕ್ಕ
ಮೂಲ ಪ್ರಶ್ನೆಗೆ ಬರ್ತೀನಿ. ಸೋಲೋ ತಂಡದಲ್ಲಿ ನೋಡಬೇಕಾದ್ದು ಪಂದ್ಯವನ್ನಲ್ಲ, ಒಬ್ಬೊಬ್ಬ ಆಟಗಾರನನ್ನ. ಅಲ್ಲೂ ಎಲ್ಲ ಅಂಕಿ ಒಂದೇ ವೇಗದಲ್ಲಿ ಪಕ್ವ ಆಗಲ್ಲ. ಹೊಸ ಬ್ಯಾಟರ್ ಬಂದಾಗ ಮೊದಲು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಪ್ರಮಾಣ ನೋಡಿ, 60 ಸಲ ಬ್ಯಾಟ್ ಹಿಡಿದ ಮೇಲೆ ಅದು ಸುಮಾರಾಗಿ ನಂಬೋ ಹಾಗಾಗುತ್ತೆ. ವಾಕ್‌ಗೆ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಮೊದಲ ಬೇಸ್) 120 ಬೇಕು. ಹೋಮ್ ರನ್‌ಗೆ 170. ಬ್ಯಾಟಿಂಗ್ ಸರಾಸರಿ ಇಡೀ ಸೀಸನ್ ಆದ್ರೂ ಪೂರ್ತಿ ನಂಬೋ ಹಾಗಿಲ್ಲ, ಯಾಕಂದ್ರೆ ಚೆಂಡು ಫೀಲ್ಡರ್ ಕೈಗೆ ಹೋಯ್ತಾ ಪಕ್ಕಕ್ಕೆ ಹೋಯ್ತಾ ಅನ್ನೋದರಲ್ಲಿ ಅದೃಷ್ಟದ ಪಾಲು ದೊಡ್ಡದು. ಎಲ್ಲರೂ ಮಾಡೋ ತಪ್ಪು ಅಂದ್ರೆ ಎರಡು ವಾರಕ್ಕೆ .150 ನೋಡಿ "ಇವನು ಆಗಲ್ಲ" ಅನ್ನೋದು.

ಉದಾಹರಣೆಗೆ ಫೆಡ್ಡಿ ಟ್ರೇಡ್‌ನಲ್ಲಿ ಡಾಡ್ಜರ್ಸ್‌ನಿಂದ ಬಂದ ಮಿಗೆಲ್ ವರ್ಗಾಸ್. 2024ರಲ್ಲಿ ಸಾಕ್ಸ್‌ಗೆ ಹೊಡೆದದ್ದು .104. ತೂರಿ ಬಿಸಾಕಿ ಅಂದವರೇ ಎಲ್ಲ. 2025ರಲ್ಲಿ ಅದೇ ವರ್ಗಾಸ್ ದಿನಾ ಆಡೋ ಆಟಗಾರ. ಇನ್ನೊಂದು ಕೋಲ್ಸನ್ ಮಾಂಟ್‌ಗೊಮರಿ. 2025ರ ಏಪ್ರಿಲ್‌ನಲ್ಲಿ ಸಾಕ್ಸ್‌ನ ಮೈನರ್ ಲೀಗ್ ತಂಡ ಶಾರ್ಲಟ್‌ನಲ್ಲಿ ಬ್ಯಾಟು ಚೆಂಡು ಸೇರ್ತಾನೇ ಇರಲಿಲ್ಲ. ಪಂದ್ಯ ಬಿಡಿಸಿ ಅರಿಜೋನಾ ಕೇಂದ್ರಕ್ಕೆ ಕರ್ಕೊಂಡು ಹೋಗಿ ಸ್ವಿಂಗ್ ತಿದ್ದಿದ್ರು. ಜುಲೈ 4ಕ್ಕೆ ಮೇಲೆ ಬಂದ, 71 ಪಂದ್ಯಕ್ಕೆ 21 ಹೋಮ್ ರನ್. ಗೆಲ್ಲೋ ತಂಡದಲ್ಲಿ ಇಂಥವರಿಗೆ ಇಷ್ಟು ತಾಳ್ಮೆ ಸಿಗಲ್ಲ.

ಧಾರವಾಡ_ಪೇಡೆ
ಪಿಚರ್‌ದೂ ಸೇರಸ್ರಿ ಅಕ್ಕಾರ. ಗೆಲುವು-ಸೋಲಿನ ಕಾಲಂ ಮುಚ್ಚಿ ಓದಬೇಕು. ಗ್ಯಾರೆಟ್ ಕ್ರೋಶೆ 2024ರಾಗ 6-12. ಅದ ನೋಡಿದ್ರ ಕಳಪೆ. ಇಆರ್‌ಎ 3.58, 146 ಇನ್ನಿಂಗ್‌ಗೆ 209 ಸ್ಟ್ರೈಕ್‌ಔಟ್. ಪಂದ್ಯಕ್ಕ ಮೂರು ರನ್ ಹೊಡಿಯೂ ತಂಡದಾಗ ಯಾವ ಪಿಚರ್ ಗೆಲ್ತಾನ್ರಿ? 2022ರಾಗ ಮೊಣಕೈ ಶಸ್ತ್ರಚಿಕಿತ್ಸೆ ಆಗಿದ್ದಕ್ಕ ಜುಲೈ ಮುಂದ ನಾಲ್ಕು ಇನ್ನಿಂಗ್‌ಗ ನಿಲ್ಲಿಸ್ತಿದ್ರು. ಸ್ಟಾರ್ಟರ್‌ಗ ಗೆಲುವು ಬರಬೇಕಂದ್ರ ಐದು ಇನ್ನಿಂಗ್ ಹಾಕಬೇಕು, ಅಂದ್ರ ಗೆಲುವಿನ ಬಾಗಿಲ ಮುಚ್ಚಿತ್ತು.

ಲಾಟರಿ_ಶಾಮಣ್ಣ
ಅಂಥವನನ್ನೂ ಮಾರಿಬಿಟ್ರಲ್ಲ.

ದಕ್ಷಿಣ_ಭಾಗ_35
ಮಾರಿದ್ದಕ್ಕೆ ಬಾಸ್ಟನ್‌ನಿಂದ ಕೈಲ್ ಟೀಲ್, ಬ್ರೇಡನ್ ಮಾಂಟ್‌ಗೊಮರಿ, ಚೇಸ್ ಮೈಡ್ರಾತ್, ವಿಕೆಲ್‌ಮನ್ ಗೊನ್ಜಾಲೆಸ್ ಬಂದ್ರು. ಟೀಲ್, ಮೈಡ್ರಾತ್ ಇಬ್ಬರೂ 2025ರಲ್ಲೇ ಮೇಲೆ ಆಡಿದ್ರು. ಕ್ರೋಶೆ ಎರಡು ವರ್ಷದಲ್ಲಿ ಫ್ರೀ ಏಜೆಂಟ್ (ಕರಾರು ಮುಗಿದು ಯಾವ ತಂಡಕ್ಕಾದ್ರೂ ಹೋಗಬಹುದಾದವ) ಆಗ್ತಿದ್ದ, ತಂಡ ಅಷ್ಟರಲ್ಲಿ ಗೆಲ್ಲೋ ಸ್ಥಿತಿಗೆ ಬರ್ತಿರಲಿಲ್ಲ. ಮಾರಾಟ ತಪ್ಪಲ್ಲ. ತಪ್ಪು ಅದಕ್ಕೂ ಹಿಂದಿನದು. 2016-17ರಲ್ಲಿ ಕ್ರಿಸ್ ಸೇಲ್, ಈಟನ್, ಕ್ವಿಂಟಾನಾ ಕೊಟ್ಟು ಮೊಂಕಾಡಾ, ಕೋಪೆಕ್, ಜಿಯೊಲಿಟೊ, ಜಿಮೆನೆಜ್, ಸೀಸ್ ತಂದ್ರು. ಅವರಲ್ಲಿ ಕೆಲವರಿಗೆ ಮೊದಲೇ ಉದ್ದದ ಕರಾರು ಕೊಟ್ರು. ಆಮೇಲೆ ಒಬ್ಬೊಬ್ಬರೇ ಗಾಯಾಳು. ಅವರ ಹಿಂದೆ ಮೈನರ್ ಲೀಗ್‌ನಲ್ಲಿ ಎರಡನೇ ಸಾಲೇ ಇರಲಿಲ್ಲ. ಒಂದು ಇಟ್ಟಿಗೆ ಜಾರಿದ್ರೆ ಹಿಡಿಯೋಕೆ ಇನ್ನೊಂದು ಇಲ್ಲ.

ಕುಡ್ಲ_ಕರ್ವ್‌ಬಾಲ್
ಅದಕ್ಕೇ ನಾನು ಹೇಳುವುದು, ಮೇಲಿನ ತಂಡ ಬಿಟ್ಟು ಕೆಳಗಿನದ್ದು ನೋಡಿ ಅಂತ. ಸಾಕ್ಸ್‌ನ ಏಣಿ ಕೆಳಗಿಂದ ಹೀಗುಂಟು: ಕನ್ನಾಪೊಲಿಸ್, ವಿನ್‌ಸ್ಟನ್-ಸೇಲಂ, ಬರ್ಮಿಂಗ್‌ಹ್ಯಾಮ್, ಶಾರ್ಲಟ್. 2024ರಲ್ಲಿ ಮೇಲಿನವರು 121 ಸೋತ ವರ್ಷವೇ ಬರ್ಮಿಂಗ್‌ಹ್ಯಾಮ್ ಬ್ಯಾರನ್ಸ್ ಸದರ್ನ್ ಲೀಗ್ ಗೆದ್ದದ್ದು. ಕಪ್ ಬೇಕಾದವರಿಗೆ ಅಲ್ಲಿ ಇತ್ತು.

ನೋಡುವಾಗ ವಯಸ್ಸು ನೋಡಿ. ಡಬಲ್ ಎ (ಬರ್ಮಿಂಗ್‌ಹ್ಯಾಮ್) ಮಟ್ಟದಲ್ಲಿ 21ರ ಹುಡುಗ .260 ಹೊಡೆದರೆ 25ರವನ .300ಕ್ಕಿಂತ ಒಳ್ಳೆಯದು. ಶಾರ್ಲಟ್ ಮೈದಾನ ಚಿಕ್ಕದು, ಅಲ್ಲಿನ ಹೋಮ್ ರನ್ ಸಂಖ್ಯೆಗೆ ಮರುಳಾಗಬೇಡಿ. ಅಲ್ಲಿ ಪಿಚರ್‌ಗಳ ಇಆರ್‌ಎ ಕೂಡ ಅದೇ ಕಾರಣಕ್ಕೆ ಊದಿಕೊಂಡಿರುತ್ತದೆ.

ಬೆಳಗಿನ_ಐದು_ಹತ್ತು
ಮಾಹಿತಿ ಭರ್ಜರಿ. ಸ್ಕೋರ್‌ಕಾರ್ಡ್ ಬರೆಯೋದು ಸೋಲೋ ಪಂದ್ಯಕ್ಕೆ ಪ್ರಯೋಜನ ಇದೆಯಾ?

ಪೆನ್ಸಿಲ್_ರಬ್ಬರ್
ಸೋಲೋ ಪಂದ್ಯಕ್ಕೇ ಹೆಚ್ಚು! 9-1 ಆದ ಮೇಲೆ ಕಣ್ಣು ಮೊಬೈಲ್‌ಗೆ ಹೋಗೋದನ್ನ ತಡೆಯೋದು ಅದೊಂದೇ.

ಸ್ಥಾನಕ್ಕೆ ಸಂಖ್ಯೆ: ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೇದು 4, ಮೂರನೇದು 5, ಶಾರ್ಟ್‌ಸ್ಟಾಪ್ 6, ಔಟ್‌ಫೀಲ್ಡ್ ಎಡದಿಂದ 7, 8, 9. ಶಾರ್ಟ್‌ಸ್ಟಾಪ್ 5 ಅಲ್ಲ 6, ಎಲ್ಲರೂ ಮೊದಲ ವಾರ ಎಡವೋದು ಇಲ್ಲೇ. 6-4-3 ಅಂದ್ರೆ ಶಾರ್ಟ್‌ಸ್ಟಾಪ್ ಹಿಡಿದು ಎರಡನೇ ಬೇಸ್‌ಗೆ, ಅಲ್ಲಿಂದ ಮೊದಲನೇದಕ್ಕೆ, ಇಬ್ಬರು ಔಟ್. ಬ್ಯಾಟ್ ಬೀಸಿ ಸ್ಟ್ರೈಕ್‌ಔಟ್ ಆದ್ರೆ ನೇರ ಕೆ, ಸುಮ್ಮನೆ ನಿಂತು ನೋಡಿ ಆದ್ರೆ ತಿರುಗಿಸಿ ಬರೆದ ಕೆ.

ಸೋಲೋ ತಂಡಕ್ಕೆ ಬರೆಯುವಾಗ ಮೂರು ಮುನ್ನೆಚ್ಚರಿಕೆ. ಎದುರಾಳಿ ಪುಟದಲ್ಲಿ ಇನ್ನಿಂಗ್ ಕಾಲಂ ಒಂದೆರಡು ಹೆಚ್ಚು ಬಿಡಿ. ಒಂದೇ ಇನ್ನಿಂಗ್‌ನಲ್ಲಿ ಒಂಬತ್ತೂ ಜನ ಬ್ಯಾಟ್ ಮಾಡಿ ಮತ್ತೆ ಮೊದಲನೆಯವನು ಬಂದ್ರೆ ಪಕ್ಕದ ಕಾಲಂಗೆ ದಾಟಬೇಕಾಗುತ್ತೆ, ಇನ್ನಿಂಗ್ ಸಂಖ್ಯೆ ಹೊಡೆದು ಹೊಸದಾಗಿ ಬರೀಬೇಕು. ಪಿಚರ್ ಸಾಲು ಕನಿಷ್ಠ ಆರು ಇರಲಿ, ಬದಲಾದ ಕಡೆ ದಪ್ಪ ಗೆರೆ ಎಳೀರಿ, ಇಲ್ಲಾಂದ್ರೆ ಬೇಸ್ ಮೇಲಿದ್ದವರ ರನ್ ಯಾರ ತಲೆಗೆ ಅಂತ ತಿಳಿಯಲ್ಲ. ಅದು ಬಿಟ್ಟು ಹೋದವನ ತಲೆಗೆ, ಬಂದವನದ್ದಲ್ಲ. ಪೆನ್ ಬೇಡವೇ ಬೇಡ. ಹಿಟ್ ಕೊಟ್ಟದ್ದನ್ನ ಆಮೇಲೆ ಎರರ್ (ಫೀಲ್ಡರ್ ತಪ್ಪು) ಅಂತ ತಿದ್ದೋದು ಸಾಮಾನ್ಯ.

ದಕ್ಷಿಣ_ಭಾಗ_35
ಒಂದು ಸಾಲು ಕ್ಯಾಚರ್‌ಗೋ ಇನ್‌ಫೀಲ್ಡರ್‌ಗೋ ಪಿಚಿಂಗ್‌ಗೆ ಅಂತಲೂ ಇಡಿ 😅 8 ಅಥವಾ ಹೆಚ್ಚು ರನ್ ಹಿಂದಿದ್ರೆ ಪಿಚರ್ ಅಲ್ಲದವರನ್ನ ಯಾವಾಗ ಬೇಕಾದ್ರೂ ಹಾಕಬಹುದು. ಮುಂದಿರೋ ತಂಡಕ್ಕೆ 9ನೇ ಇನ್ನಿಂಗ್‌ನಲ್ಲಿ 10 ರನ್ ಅಂತರ ಬೇಕು.

ವೇವರ್_ವಿಮಲಕ್ಕ
ಭಾರತದಿಂದ ನೋಡೋದು ಚಿಕಾಗೋದವರಿಗಿಂತ ಸುಲಭ. ಲೀಗ್‌ನದ್ದೇ ಆನ್‌ಲೈನ್ ಸೇವೆ ಎಂಎಲ್‌ಬಿ ಟಿವಿಯಲ್ಲಿ ಸ್ಥಳೀಯ ಪ್ರದೇಶದವರಿಗೆ ತಮ್ಮೂರ ತಂಡದ ನೇರಪ್ರಸಾರ ತಡೆ ಇರುತ್ತೆ, ಇಲ್ಲಿ ಆ ಕಾಟ ಇಲ್ಲ. ತವರಿನ ವಾರದ ದಿನಗಳ ರಾತ್ರಿ ಪಂದ್ಯ ಸಾಮಾನ್ಯವಾಗಿ ಅಲ್ಲಿ ಸಂಜೆ 6:40, ನಮಗೆ ಮರುದಿನ ಬೆಳಗ್ಗೆ 5:10. ಭಾನುವಾರದ 1:10ರ ಪಂದ್ಯ ನಮಗೆ ಅದೇ ರಾತ್ರಿ 11:40. ಎಸೆತಕ್ಕೆ ಸಮಯಮಿತಿ ಹಾಕೋ ಪಿಚ್ ಗಡಿಯಾರ ಬಂದ ಮೇಲೆ ಪಂದ್ಯ ಎರಡೂವರೆ ಗಂಟೆ ಚಿಲ್ಲರೆ, ಕೆಲಸಕ್ಕೆ ಹೊರಡೋ ಮುಂಚೆ ಮುಗಿಯುತ್ತೆ. ತಡವಾಗಿ ನೋಡೋದಾದ್ರೆ ಆ್ಯಪ್‌ನಲ್ಲಿ ಸ್ಕೋರ್ ಮರೆಮಾಡೋ ಆಯ್ಕೆ ಹಾಕಿ.

ಲಾಟರಿ_ಶಾಮಣ್ಣ
ಸಾಕ್ಸ್ ಸ್ಕೋರ್ ಮರೆಮಾಡಿ ಏನು ಉಪಯೋಗ, ಗೊತ್ತಿರೋದೇ ತಾನೆ.

ನೇಪರ್‌ವಿಲ್_ನಾಗ
ಚಿಕಾಗೋ ಕಡೆಯವರಿಗೆ: ಬಿಎನ್‌ಎಸ್‌ಎಫ್ ಲೈನಲ್ಲಿ ಯೂನಿಯನ್ ಸ್ಟೇಷನ್, ಅಲ್ಲಿಂದ ನಡೆದು ಜ್ಯಾಕ್ಸನ್‌ನಲ್ಲಿ ರೆಡ್ ಲೈನ್ ಹತ್ತಿ ಸಾಕ್ಸ್-35ನೇ ಬೀದಿಯಲ್ಲಿ ಇಳಿದ್ರೆ ಮೈದಾನ ಎದುರಿಗೇ. ರಾತ್ರಿ ಪಂದ್ಯಕ್ಕೆ ವಾಪಸ್ ರೈಲಿನ ಸಮಯ ಮೊದಲೇ ನೋಡಿಟ್ಕೊಳ್ಳಿ, ತಪ್ಪಿದ್ರೆ ತುಂಬಾ ಹೊತ್ತು ಕಾಯಬೇಕು.

ಸಸ್ಯಾಹಾರಿಗಳಿಗೆ ಅಲ್ಲಿ ಹೆಸರುವಾಸಿ ಎಲೋಟೆ. ಜೋಳದ ತೆನೆಯಿಂದ ಕಾಳು ಅಲ್ಲೇ ಕೊಯ್ದು ಬೆಣ್ಣೆ, ಚೀಸ್, ನಿಂಬೆ, ಖಾರದಪುಡಿ ಹಾಕಿ ಕೊಡ್ತಾರೆ. ಜೊತೆಗೆ ಹಾಕೋ ಮೇಯನೇಸ್‌ನಲ್ಲಿ ಮೊಟ್ಟೆ ಇರುತ್ತೆ, ತಿನ್ನದವರು ಬೇಡ ಅಂತ ಮೊದಲೇ ಹೇಳಿ.

ಲಾಟರಿ_ಶಾಮಣ್ಣ
ಅಂಥಾ ಮಾಲೀಕರಿಗೆ ದುಡ್ಡು ಕೊಟ್ಟು ಟಿಕೆಟ್ ಯಾಕ್ರೀ ತಗೋಬೇಕು? ಜನ ಬರೋದು ನಿಲ್ಲಿಸಿದ್ರೆ ಬುದ್ಧಿ ಬರುತ್ತೆ.

ದಕ್ಷಿಣ_ಭಾಗ_35
ನಿಲ್ಲಿಸಿ ನೋಡಿದಾರೆ. 2024ರಲ್ಲಿ ಇಡೀ ವರ್ಷಕ್ಕೆ ಬಂದವರು ಸುಮಾರು 13.8 ಲಕ್ಷ. ಟಿವಿ ಹಕ್ಕಿನ ದುಡ್ಡು, ಲೀಗ್‌ನ ಪಾಲು ಬರ್ತಾ ಇರುವಾಗ ಖಾಲಿ ಕುರ್ಚಿಯಿಂದ ಮಾಲೀಕರಿಗೆ ನಾವಂದುಕೊಂಡಷ್ಟು ತಟ್ಟಲ್ಲ. "ತಂಡ ಮಾರು" ಅಂತ ಕೂಗೋಕಾದ್ರೂ ಒಳಗೆ ಇರಬೇಕಲ್ಲ.

ಕೊನೇ ತವರು ಸರಣಿಯಲ್ಲಿ ಆದದ್ದೇ ಅದು. 120 ಸೋತು ಬಂದಿದ್ರು, ಎದುರಿಗೆ ಏಂಜಲ್ಸ್. 121ನೇದನ್ನ ಕಣ್ಣಾರೆ ನೋಡೋಣ ಅಂತಲೇ ಜನ ಬಂದ್ರು. ತಂಡ ಮೂರೂ ಪಂದ್ಯ ಗೆದ್ದುಬಿಡ್ತು! ಹಿಂದಿನಿಂದ ಬಂದು ಗೆಲ್ಲುವಾಗಲೂ "ತಂಡ ಮಾರು" ಕೂಗು ನಿಲ್ಲಲಿಲ್ಲ. ಸೆಪ್ಟೆಂಬರ್ 27ಕ್ಕೆ ಡೆಟ್ರಾಯ್ಟ್‌ನಲ್ಲಿ 4-1 ಸೋತು ದಾಖಲೆ. ಅದೇ ಗೆಲುವಿನಿಂದ ಟೈಗರ್ಸ್ ಪ್ಲೇಆಫ್‌ಗೆ. ಆಮೇಲೆ ಉಳಿದೆರಡೂ ಸಾಕ್ಸ್ ಗೆದ್ರು. ಕೊನೆಯ ಆರರಲ್ಲಿ ಐದು ಗೆಲುವು.

ಹಳೇ_ದಾಖಲೆ
ಅದೇ ಟೈಗರ್ಸ್ 2003ರಲ್ಲಿ ಕೊನೆಯ ಆರರಲ್ಲಿ ಐದು ಗೆದ್ದು 43-119ಕ್ಕೆ ನಿಂತು ದಾಖಲೆಯಿಂದ ಪಾರಾಗಿದ್ರು. ಮೂರು ವರ್ಷಕ್ಕೆ ವರ್ಲ್ಡ್ ಸೀರೀಸ್ ಆಡಿದ್ರು. ಮೆಟ್ಸ್ 1962ರ ತಳದಿಂದ 1969ರ ಕಪ್‌ಗೆ ಏಳು ವರ್ಷ.

ಕುಡ್ಲ_ಕರ್ವ್‌ಬಾಲ್
ಹಾಗೆಂದು ಸೋತವರೆಲ್ಲ ಮೇಲೆ ಬರುತ್ತಾರೆ ಎಂದು ಹೇಳಬೇಡಿ. ರಾಕೀಸ್ 2023, 2024, 2025 ಮೂರೂ ವರ್ಷ ನೂರರ ಮೇಲೆ ಸೋತಿದ್ದಾರೆ, ಮೂರನೆಯದೇ ಅತಿ ಕೆಟ್ಟದ್ದು.

ಬೆಳಗಿನ_ಐದು_ಹತ್ತು
ಕೊನೇ ಪ್ರಶ್ನೆ. ಗಣಿತದ ಪ್ರಕಾರ ತಂಡ ಹೊರಗೆ ಬಿತ್ತು ಅಂತ ಹೇಳೋ ಸಂಖ್ಯೆ ತೆಗೆಯೋದು ಹೇಗೆ?

ಧಾರವಾಡ_ಪೇಡೆ
163ರಾಗ ಎದುರಾಳಿ ಗೆಲುವು ಕಳೀರಿ, ನಿಮ್ಮ ಸೋಲು ಕಳೀರಿ. ಸೊನ್ನೆ ಬಂದ್ರ ಮುಗೀತು. ಕೊನೇ ವೈಲ್ಡ್‌ಕಾರ್ಡ್ (ಡಿವಿಷನ್ ಗೆಲ್ಲದವರಿಗಿರೂ ಪ್ಲೇಆಫ್) ಜಾಗದಾಗ ಇರೂ ತಂಡ 70 ಗೆದ್ದು ನೀವು 93 ಸೋತಿದ್ರ 163-70-93, ಸೊನ್ನೆ. ಡಿವಿಷನ್ನಿಗೆ ಬ್ಯಾರೆ, ವೈಲ್ಡ್‌ಕಾರ್ಡ್‌ಗ ಬ್ಯಾರೆ ತಗೀಬೇಕು. ಒಂದಕ್ಕ ಸೊನ್ನೆ ಬಂದ್ರೂ ಇನ್ನೊಂದು ಬಾಗಿಲ ತೆರದಿರ್ತೈತಿ. ಸಮ ಬಂದ್ರ ಹೆಚ್ಚಿನ ಪಂದ್ಯ ಈಗ ಇಲ್ಲ, ಮುಖಾಮುಖಿ ಲೆಕ್ಕದ ಮ್ಯಾಲ ತೀರ್ಮಾನ, ಹಂಗಾಗಿ ಒಮ್ಮೊಮ್ಮೆ 1 ಇದ್ದಾಗನ ಹೊರಗ ಬಿದ್ದಿರ್ತೀರಿ. ಸಾಕ್ಸ್‌ಗ 2024ರಾಗ ಆಗಸ್ಟ್‌ನ್ಯಾಗ ಎಲ್ಲಾ ಮುಗದಿತ್ತು.

ಬೆಳಗಿನ_ಐದು_ಹತ್ತು
ಆರು ಪಿಚರ್ ಸಾಲಿನ ಪುಸ್ತಕ, ರಬ್ಬರ್ ಇರೋ ಪೆನ್ಸಿಲ್, ವರ್ಗಾಸ್‌ಗೆ 120 ಸಲ ತಾಳ್ಮೆ. ಬರ್ಕೊಂಡೆ. ಕ್ಯಾಂಪ್‌ಫೈರ್ ಮಿಲ್ಕ್‌ಶೇಕ್ ಅಂತ ಅಲ್ಲಿ ಭಾರಿ ಸುದ್ದಿಯಾಗಿತ್ತಲ್ಲ, ಅದು ಸಸ್ಯಾಹಾರಿನಾ?

ನೇಪರ್‌ವಿಲ್_ನಾಗ
ಮೇಲೆ ಮಾರ್ಷ್‌ಮೆಲೋ ಹಾಕ್ತಾರೆ. ಅದರಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತೆ, ಅದು ಪ್ರಾಣಿ ಮೂಳೆ-ಚರ್ಮದಿಂದ ಮಾಡೋದು. ಜೋಳ ತಿನ್ನಿ.

ರೆಡ್_ಬ್ಲಡ್_ಜಯನಗರ
ಮೇಯನೇಸ್ ಇಲ್ಲದೆ.